ಮಕ್ಕಳ ಮೈಗೂ ಮನಸ್ಸಿಗೂ ಗರಡಿ: ಗಡಿನಾಡಿನ ತಂದೆತಾಯಂದಿರಿಗೆ ಒಂದು ಕೈಪಿಡಿ



ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ನಮ್ಮ ಎಲ್ಲ ಊರುಗಳ ಘಟಕಗಳಿಂದಲೂ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಮಗನನ್ನು ಕರಾಟೆಗೆ ಸೇರಿಸಬಹುದೇ? ಮಗಳಿಗೆ ಕಳರಿ ಕಲಿಸಿದರೆ ಮೈಗೆ ಪೆಟ್ಟಾಗುವುದಿಲ್ಲವೇ? ತಾಲೀಮಿಗೆ ಹೋಗುವ ಹುಡುಗರು ಓದಿನಲ್ಲಿ ಹಿಂದೆ ಬೀಳುತ್ತಾರೆಯೇ? ಎಷ್ಟನೇ ವಯಸ್ಸಿಗೆ ಆರಂಭಿಸಬೇಕು? ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು, ನಮಗೆ ತಿಳಿದದ್ದನ್ನೂ ಸಂಘದ ತರಗತಿ ನಡೆಸಿ ಕಲಿತದ್ದನ್ನೂ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇವೆ. ಬೇಕಾದಾಗ ತೆರೆದು ನೋಡಿಕೊಳ್ಳಿ.

ನಮ್ಮಿಂದಾದ ಒಂದು ತಪ್ಪು

ಮೊದಲು ನಮ್ಮ ಎಡವಟ್ಟಿನ ಕಥೆ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಊರಿನಲ್ಲಿ ಮಕ್ಕಳಿಗಾಗಿ ಭಾನುವಾರದ ಕರಾಟೆ ತರಗತಿ ಆರಂಭಿಸಿದೆವು. ಕಲಿಸಲು ಬಂದವರು ಚುರುಕಾದ ಯುವಕರು. ಗುದ್ದು, ಒದೆ, ತಡೆ ಎಲ್ಲವನ್ನೂ ಬೇಗ ಬೇಗ ಕಲಿಸಿದರು. ಮಕ್ಕಳಿಗೆ ಹುರುಪು, ನಮಗೆ ಹೆಮ್ಮೆ. ರಾಜ್ಯೋತ್ಸವದ ವೇದಿಕೆಯಲ್ಲಿ ಹಂಚು ಒಡೆದು ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಆ ತರಗತಿಯಲ್ಲಿ ಆರನೇ ಇಯತ್ತೆಯ ಒಬ್ಬ ಹುಡುಗನಿದ್ದ. ಶಾಲೆಯಲ್ಲಿ ಅವನ ಮಾತಿನಲ್ಲಿ ಕನ್ನಡದ ಎಳೆ ಇಣುಕಿದಾಗಲೆಲ್ಲ ಕೆಲವರು ಅಣಕಿಸುತ್ತಿದ್ದರು. ಹುಡುಗ ಅಳುತ್ತ ಮನೆಗೆ ಬರುವುದು ನೋಡಲಾರದೆ ತಾಯಿ ಅವನನ್ನು ನಮ್ಮಲ್ಲಿಗೆ ಸೇರಿಸಿದ್ದರು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅಣಕಿಸಿದ ಸಹಪಾಠಿಯ ಮೂಗಿಗೆ ಗುದ್ದಿದ. ರಕ್ತ ಬಂತು. ಶಾಲೆಯವರು ಕರೆಸಿದರು. ಆ ತಾಯಿ ಸಂಜೆ ನಮ್ಮ ಕಚೇರಿಗೆ ಬಂದು ನಿಂತು, "ಅಣ್ಣಾರ, ನೀವು ಹುಡುಗಗ ಹೊಡ್ಯೂದ ಕಲಿಸೀರಿ, ಕೈ ತಡ್ಯೂದ ಕಲಿಸಲಿಲ್ಲ ನೋಡ್ರಿ" ಎಂದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಮರುವಾರವೇ ತರಗತಿ ನಿಲ್ಲಿಸಿದೆವು. ಮತ್ತೆ ಆರಂಭಿಸುವ ಮೊದಲು ಹಳೆಯ ಉಸ್ತಾದರನ್ನು, ಕಳರಿಯ ಗುರುಕ್ಕಳರನ್ನು, ಶಾಲೆಗಳ ದೈಹಿಕ ಶಿಕ್ಷಕರನ್ನು ಕಂಡು ಮಾತನಾಡಿದೆವು. ಈ ಬರಹದ ಹೆಚ್ಚಿನ ಅಂಶ ಆ ಮಾತುಕತೆಯ ಫಲ.

ಗರಡಿ, ಸಾಮು: ಗಡಿ ದಾಟಿದ ಮಾತುಗಳು

ಅಂಗಸಾಧನೆ ನಮಗೆ ಹೊರಗಿನಿಂದ ಬಂದದ್ದಲ್ಲ. ಕುಸ್ತಿಯ ಮನೆಗೆ ಕನ್ನಡದಲ್ಲಿ ಗರಡಿಮನೆ ಎನ್ನುತ್ತೇವೆ. ತುಳುನಾಡಿನ ಕಡೆಗೆ, ಕಾಸರಗೋಡಿನವರೆಗೂ, ಗರಡಿ ಅಥವಾ ಗರೋಡಿ ಎಂದರೆ ಕೋಟಿ ಚೆನ್ನಯರನ್ನು ಆರಾಧಿಸುವ ತಾಣ. ವೀರರ ಅಭ್ಯಾಸದ ನೆನಪು ಆ ಹೆಸರಿನಲ್ಲೇ ಉಳಿದಿದೆ. ರಾಯದುರ್ಗ, ಮಡಕಶಿರಾ, ಆದೋನಿ ಕಡೆಯ ನಮ್ಮ ಸದಸ್ಯರು ತೆಲುಗಿನಲ್ಲೂ ಗರಿಡಿ, ಸಾಮು ಎಂಬ ಮಾತುಗಳನ್ನು ಕೇಳಿರುತ್ತಾರೆ. ಅಲ್ಲಿಯ ಕರ್ರಸಾಮು ನಮ್ಮ ದೊಣ್ಣೆವರಸೆಯ ಸೋದರ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಗರಡಿಗೆ ತಾಲೀಮು ಎಂಬ ಹೆಸರು; ಕಲಿಸುವವರು ಉಸ್ತಾದ್ ಅಥವಾ ವಸ್ತಾದ್.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರನ್ನು ಹೇಗೆ ವಿಂಗಡಿಸಬೇಕು, ಅವರ ಆಹಾರ ಹೇಗಿರಬೇಕು, ಅಭ್ಯಾಸ ಹೇಗಿರಬೇಕು ಎಂದು ಅಲ್ಲಿ ಹೇಳಿದೆ. ದೊಡ್ಡವನನ್ನು ಚಿಕ್ಕವನ ಮೇಲೆ ಬಿಡಬಾರದು, ಸಮಜೋಡಿ ನೋಡಿ ಬಿಡಬೇಕು ಎಂದು ಇಂದಿಗೂ ಒಳ್ಳೆಯ ಉಸ್ತಾದರು ಹೇಳುವುದು ಇದೇ ಹಳೆಯ ಎಚ್ಚರದ ಮುಂದುವರಿಕೆ.

ನಮ್ಮ ಊರುಗಳಲ್ಲಿ ಸಿಗುವ ವಿದ್ಯೆಗಳು

ಕುಸ್ತಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯವರಿಗೆ ಇದೇ ಹತ್ತಿರದ ವಿದ್ಯೆ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಅಖಾಡವನ್ನು ಹದ ಮಾಡುತ್ತಾರೆ. ಆ ಮಣ್ಣನ್ನು ದಿನವೂ ಅಗೆದು ಸಡಿಲ ಮಾಡುವುದು ಕಲಿಯುವ ಹುಡುಗರ ಕೆಲಸ, ಅದೂ ವ್ಯಾಯಾಮವೇ. ದಂಡ, ಬೈಠಕ್, ಹಗ್ಗ ಹತ್ತುವುದು, ಗದೆ ತಿರುಗಿಸುವುದು, ಆಮೇಲೆ ಜೊತೆಗಾರನೊಡನೆ ಜೋರ್. ಪಕ್ಕದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ ಇಂದಿಗೂ ಕುಸ್ತಿಗೆ ಹೆಸರಾದದ್ದು. ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದರು. ಸ್ಪರ್ಧೆಯ ದಾರಿ ಹಿಡಿಯುವ ಮಕ್ಕಳು ಮುಂದೆ ಮ್ಯಾಟ್ ಕುಸ್ತಿಗೂ ಒಗ್ಗಿಕೊಳ್ಳಬೇಕು, ಏಕೆಂದರೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಸ್ಪರ್ಧೆಗಳೆಲ್ಲ ಮ್ಯಾಟಿನ ಮೇಲೆ ನಡೆಯುತ್ತವೆ.

ಕಳರಿಪಯಟ್ಟು. ಕಾಸರಗೋಡು, ವಯನಾಡಿನ ಸದಸ್ಯರಿಗೆ ಇದನ್ನು ಪರಿಚಯಿಸಬೇಕಿಲ್ಲ. ಸಾಂಪ್ರದಾಯಿಕ ಕಳರಿಯು ನೆಲಮಟ್ಟಕ್ಕಿಂತ ಕೆಳಗೆ ಅಗೆದು ಮಾಡಿದ್ದು. 42 ಅಡಿ ಉದ್ದ, 21 ಅಡಿ ಅಗಲ ಎಂಬುದು ರೂಢಿಯ ಅಳತೆ. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ ಇರುತ್ತದೆ. ಒಳಗೆ ಬರುವವರು ಬಲಗಾಲಿಟ್ಟು ಇಳಿದು, ನೆಲ ಮುಟ್ಟಿ ನಮಸ್ಕರಿಸಬೇಕು. ಕಲಿಕೆಗೆ ನಾಲ್ಕು ಹಂತ: ಮೈಪಳಗಿಸುವ ಮೆಯ್ತಾರಿ, ಮರದ ಆಯುಧಗಳ ಕೋಲ್ತಾರಿ, ಲೋಹದ ಆಯುಧಗಳ ಅಂಗತಾರಿ, ಕೊನೆಗೆ ಬರಿಗೈಯ ವೆರುಂಕೈ. ಬರಿಗೈಯಿಂದ ಎದುರಾಳಿಯನ್ನು ಹಿಡಿಯುವ ವಿದ್ಯೆ ಎಲ್ಲಕ್ಕಿಂತ ಕೊನೆಗೆ ಬರುವುದನ್ನು ಗಮನಿಸಿ. ಅದು ಬರುವ ಹೊತ್ತಿಗೆ ಮಗು ಹಲವು ವರ್ಷ ತನ್ನ ಮೈಯನ್ನೇ ಗೆಲ್ಲುವುದರಲ್ಲಿ ಕಳೆದಿರುತ್ತದೆ.

ಸಿಲಂಬಂ ಮತ್ತು ದೊಣ್ಣೆವರಸೆ. ಹೊಸೂರು, ತಾಳವಾಡಿ, ನೀಲಗಿರಿಯ ಕಡೆ ಸಿಲಂಬಂ ಕಲಿಸುವವರು ಸಿಗುತ್ತಾರೆ. ಬಿದಿರಿನ ಕೋಲು, ಕಾಲಿನ ಹೆಜ್ಜೆ, ಸುತ್ತುವ ಕೈ ಈ ಮೂರೂ ಒಂದಾಗಬೇಕು. ಆರಂಭಕ್ಕೆ ಖರ್ಚು ಕಡಿಮೆ: ಒಂದು ಕೋಲು, ಒಂದು ಬಯಲು. ನಡುವೆ ಅಂತರವಿಟ್ಟು ಕಲಿಯುವುದರಿಂದ, ಮೈಗೆ ಮೈ ತಾಗುವ ಕುಸ್ತಿಗೆ ಅಂಜುವ ಮಕ್ಕಳಿಗೆ ಇದು ಒಳ್ಳೆಯ ಮೊದಲ ಹೆಜ್ಜೆ.

ಮಲ್ಲಕಂಬ. ಇದು ಎದುರಾಳಿಯಿಲ್ಲದ ವಿದ್ಯೆ. ನೆಟ್ಟ ಕಂಬದ ಮೇಲೆ ಅಥವಾ ತೂಗುವ ಹಗ್ಗದ ಮೇಲೆ ಮಾಡುವ ಕಸರತ್ತು. ಪೇಶ್ವೆ ಎರಡನೆಯ ಬಾಜಿರಾವನ ಗುರು ಬಾಳಂಭಟ್ಟ ದಾದಾ ದೇವಧರರು ಇದಕ್ಕೆ ಮರುಜೀವ ಕೊಟ್ಟರೆಂದು ಮಹಾರಾಷ್ಟ್ರದಲ್ಲಿ ನೆನೆಯುತ್ತಾರೆ. ಮಲ್ಲಕಂಬ, ಕಳರಿಪಯಟ್ಟು, ಗತ್ಕಾ, ಥಾಂಗ್ ತಾ ಈ ನಾಲ್ಕು ದೇಸಿ ವಿದ್ಯೆಗಳನ್ನು ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿಸಲು ಕೇಂದ್ರ ಕ್ರೀಡಾ ಸಚಿವಾಲಯ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮನೆಯ ಹತ್ತಿರ ಇವು ಸಿಗುವವರು ಈ ಅವಕಾಶವನ್ನೂ ಗಮನದಲ್ಲಿಡಬೇಕು.

ಕರಾಟೆ, ಜೂಡೋ, ಟೇಕ್ವಾಂಡೋ. ಎಲ್ಲ ಊರುಗಳಲ್ಲೂ ಸಿಗುವುದು ಇವೇ. ಕರಾಟೆಯ ಮೂಲ ಒಕಿನಾವಾ ದ್ವೀಪ. ಅಲ್ಲಿ 1901ರಲ್ಲಿ ಆಂಕೋ ಇತೋಸು ಎಂಬ ಗುರುಗಳು ಶಾಲೆಯ ಮಕ್ಕಳಿಗೆ ಕರಾಟೆ ಕಲಿಸತೊಡಗಿದಾಗ ಹಳೆಯ ಕಠಿಣ ವರಸೆಗಳನ್ನು ಹಾಗೆಯೇ ಕೊಡದೆ, ಮಕ್ಕಳಿಗೆ ಒಗ್ಗುವ ಸರಳ ವರಸೆಗಳನ್ನು ಕಟ್ಟಿದರು. ಜೂಡೋವನ್ನು ಜಿಗೋರೋ ಕಾನೋ 1882ರಲ್ಲಿ ಜಪಾನಿನಲ್ಲಿ ಆರಂಭಿಸಿದರು. ಅವರು ಸ್ವತಃ ಶಾಲಾ ಶಿಕ್ಷಕರು. ತಾನೂ ಎದುರಾಳಿಯೂ ಇಬ್ಬರೂ ಬೆಳೆಯಬೇಕು ಎಂಬುದು ಅವರ ತತ್ವ. ಜೂಡೋದಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಟೇಕ್ವಾಂಡೋ ಕೊರಿಯಾದ್ದು, 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನಲ್ಲಿದೆ.

ಯಾವುದು ಮೇಲು ಎಂದು ಕೇಳಬೇಡಿ. ಮನೆಯ ಹತ್ತಿರ ಒಳ್ಳೆಯ ಗುರು ಯಾವ ವಿದ್ಯೆಯಲ್ಲಿ ಸಿಗುತ್ತಾರೋ ಅದೇ ನಿಮ್ಮ ಮಗುವಿಗೆ ಮೇಲು.

ಗುಣ ಬೆಳೆಯುವುದು ಹೇಗೆ?

ಧೈರ್ಯ, ತಾಳ್ಮೆ, ಶಿಸ್ತು ಎಂದು ಫಲಕದ ಮೇಲೆ ಬರೆದರೆ ಅವು ಮಕ್ಕಳಿಗೆ ಬರುವುದಿಲ್ಲ. ಅಭ್ಯಾಸದೊಳಗಿನ ಕೆಲವು ಸಣ್ಣ ಕೆಲಸಗಳಿಂದ ಬರುತ್ತವೆ. ನಾವು ಕಂಡದ್ದು ಇವು.

ಬಿದ್ದು ಏಳುವುದು. ಒಂದು ಸಂಜೆಯಲ್ಲಿ ಇಪ್ಪತ್ತು ಸಲ ಬೀಳುವ ಮಗುವಿಗೆ ಬೀಳುವುದು ಅವಮಾನವಲ್ಲ ಎಂದು ಮೈಗೇ ತಿಳಿಯುತ್ತದೆ. ಗಣಿತದಲ್ಲಿ ಅಂಕ ಕಡಿಮೆಯಾದಾಗ ಪುಸ್ತಕ ಮುಚ್ಚಿಡುವ ಮಗು, ಮತ್ತೊಮ್ಮೆ ಮಾಡಿ ನೋಡೋಣ ಎನ್ನತೊಡಗುವುದನ್ನು ಹಲವು ಮನೆಗಳಲ್ಲಿ ಕೇಳಿದ್ದೇವೆ.

ಸೋತವನೂ ಕೈ ಕುಲುಕುವುದು. ಕುಸ್ತಿಯಲ್ಲಿ ಸೋಲನ್ನು ಯಾರ ಮೇಲೂ ಹಾಕುವಂತಿಲ್ಲ. ಬೆನ್ನಿಗೆ ಮಣ್ಣು ಅಂಟಿದ್ದು ಎಲ್ಲರಿಗೂ ಕಾಣುತ್ತದೆ. ಆದರೂ ಎದ್ದು ಗೆದ್ದವನ ಕೈ ಹಿಡಿದು, ಉಸ್ತಾದರ ಕಾಲು ಮುಟ್ಟಿ ಹೊರಬರಬೇಕು. ಆ ಒಂದು ನಿಮಿಷ ಮಗುವಿಗೆ ಬಹಳ ಕಲಿಸುತ್ತದೆ.

ಪೆಟ್ಟನ್ನು ತಡೆಹಿಡಿಯುವುದು. ಗುದ್ದು ಎದುರಾಳಿಯ ಮೈಗೆ ತಾಗುವ ಮೊದಲೇ ನಿಲ್ಲಬೇಕು ಎಂದು ಅಭ್ಯಾಸ ಮಾಡಿಸಬೇಕು. ಹೊಡೆಯುವುದಕ್ಕಿಂತ ನಿಲ್ಲಿಸುವುದಕ್ಕೆ ಹೆಚ್ಚು ಬಲ ಬೇಕು. ನಮ್ಮ ಮೊದಲ ತರಗತಿಯಲ್ಲಿ ಬಿಟ್ಟುಹೋದದ್ದು ಇದೇ.

ಬೇಸರವನ್ನು ದಾಟುವುದು. ಒಂದೇ ಹೆಜ್ಜೆಯನ್ನು ತಿಂಗಳುಗಟ್ಟಲೆ ಮಾಡುವುದು ಮಕ್ಕಳಿಗೆ ಬೇಸರ. ಮೂರನೇ ತಿಂಗಳಿನಲ್ಲಿ "ಇನ್ನು ಹೋಗಲ್ಲ" ಎಂಬ ಮಾತು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಬರುತ್ತದೆ. ಆಗ ಗದರಿಸದೆ, ಆಮಿಷ ಒಡ್ಡದೆ, "ಈ ತಿಂಗಳು ಮುಗಿಸು, ಆಮೇಲೆ ಮಾತಾಡೋಣ" ಎಂದರೆ ಸಾಕು. ಅನೇಕರು ಆ ಹೊಸ್ತಿಲು ದಾಟುತ್ತಾರೆ.

ಚಿಕ್ಕವರನ್ನು ನೋಡಿಕೊಳ್ಳುವುದು. ಒಂದು ವರ್ಷ ಕಲಿತವನು ಹೊಸಬನಿಗೆ ನಿಲುವು ಹೇಳಿಕೊಡಬೇಕು, ನೆಲ ಗುಡಿಸಬೇಕು, ಕೋಲುಗಳನ್ನು ಎತ್ತಿಡಬೇಕು. ಬಲ ಬಂದವನಿಗೆ ಹೊಣೆಯೂ ಬರುತ್ತದೆ ಎಂದು ಮಗು ಇಲ್ಲಿ ಕಲಿಯುತ್ತದೆ.

ನೆರೆಹೊರೆಯ ಮಕ್ಕಳೊಡನೆ ಬೆರೆಯುವುದು. ಗಡಿನಾಡಿನ ನಮಗೆ ಇದು ಮುಖ್ಯ. ಕಳರಿಯಲ್ಲಿ ಗುರುಕ್ಕಳರು ಬಾಯಿಂದ ಹೇಳುವ ವಾಯ್ತಾರಿ ಮಲಯಾಳದಲ್ಲಿರುತ್ತದೆ, ತಾಲೀಮಿನಲ್ಲಿ ಮಾತು ಮರಾಠಿ. ನಮ್ಮ ಮಗು ಆ ಭಾಷೆಯನ್ನು ಪರೀಕ್ಷೆಗಾಗಿ ಕಲಿಯದೆ ಗೆಳೆಯರ ನಡುವೆ ಕಲಿಯುತ್ತದೆ. ಮಣ್ಣಿನಲ್ಲಿ ಒಟ್ಟಿಗೆ ಬಿದ್ದೆದ್ದ ಹುಡುಗರು ಒಬ್ಬರ ಮಾತನ್ನು ಒಬ್ಬರು ಅಣಕಿಸುವುದು ಕಡಿಮೆ. ಮನೆಯಲ್ಲಿ ಕನ್ನಡ ಗಟ್ಟಿಯಾಗಿದ್ದರೆ ಇದರಿಂದ ಕನ್ನಡಕ್ಕೆ ಕೊರತೆಯೇನೂ ಆಗದು.

ಅಧ್ಯಯನಗಳು ಏನನ್ನುತ್ತವೆ?

ಕಲಿಸಿದರೆ ಒಳ್ಳೆಯದೇ ಆಗುತ್ತದೆ ಎಂಬ ಖಾತರಿಯನ್ನು ಸಂಶೋಧಕರು ಕೊಡುವುದಿಲ್ಲ. ಮೂರು ಅಧ್ಯಯನಗಳನ್ನು ಹೇಳುತ್ತೇವೆ.

ಅಮೆರಿಕದಲ್ಲಿ ಟ್ರಲ್ಸನ್ ಎಂಬವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾರಿ ತಪ್ಪುವ ಲಕ್ಷಣವಿದ್ದ 34 ಹದಿಹರೆಯದ ಹುಡುಗರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಧ್ಯಾನ, ನೀತಿ, ಇತಿಹಾಸ, ವರಸೆ ಎಲ್ಲ ಸೇರಿದ ಸಾಂಪ್ರದಾಯಿಕ ಟೇಕ್ವಾಂಡೋ. ಎರಡನೆಯದಕ್ಕೆ ಕಾದಾಟದ ಪಟ್ಟುಗಳು ಮಾತ್ರ. ಮೂರನೆಯದಕ್ಕೆ ಬೇರೆ ಆಟಗಳು. ಆರು ತಿಂಗಳ ನಂತರ ಮೊದಲ ಗುಂಪಿನ ಹುಡುಗರಲ್ಲಿ ಆಕ್ರಮಣದ ಸ್ವಭಾವ ತಗ್ಗಿತ್ತು. ಎರಡನೆಯ ಗುಂಪಿನಲ್ಲಿ ಅದು ಏರಿತ್ತು.

ಲೇಕ್ಸ್ ಮತ್ತು ಹಾಯ್ಟ್ ಎಂಬವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಶುವಿಹಾರದಿಂದ ಐದನೇ ತರಗತಿಯವರೆಗಿನ 207 ಮಕ್ಕಳು ಇದ್ದರು. ಮೂರು ತಿಂಗಳು ಶಾಲೆಯಲ್ಲೇ ಟೇಕ್ವಾಂಡೋ ಕಲಿತವರು, ಎಂದಿನ ವ್ಯಾಯಾಮ ತರಗತಿಯಲ್ಲಿದ್ದವರಿಗಿಂತ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವುದರಲ್ಲಿ ಮತ್ತು ತರಗತಿಯ ನಡತೆಯಲ್ಲಿ ಮುಂದೆ ಬಂದರು.

ನಾರ್ವೆಯಲ್ಲಿ ಎಂದ್ರೆಸೆನ್ ಮತ್ತು ಓಲ್ವಿಯಸ್ 2005ರಲ್ಲಿ ಪ್ರಕಟಿಸಿದ್ದು ಬೇರೆಯದೇ ಚಿತ್ರ. ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವುದು, ಪೂರ್ವದೇಶದ ಕಾದಾಟದ ಕಲೆಗಳು ಇವುಗಳಲ್ಲಿ ತೊಡಗಿದ ಹುಡುಗರಲ್ಲಿ ಕ್ರೀಡೆಯ ಹೊರಗೂ ಜಗಳ, ಕೆಟ್ಟ ನಡತೆ ಹೆಚ್ಚಿದ್ದನ್ನು ಅವರು ಕಂಡರು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ವಿದ್ಯೆಯ ಹೆಸರಿಗಿಂತ ಅದನ್ನು ಕಲಿಸುವ ಬಗೆ ದೊಡ್ಡದು ಎಂದು ತಿಳಿಯುತ್ತದೆ. ನಮ್ಮ ಹುಡುಗನ ಪ್ರಸಂಗವೂ ನಮಗೆ ಅದನ್ನೇ ಹೇಳಿತ್ತು.

ಯಾವ ವಯಸ್ಸಿಗೆ ಎಷ್ಟು?

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಮಾಡಬೇಕು, ವಾರಕ್ಕೆ ಮೂರು ದಿನವಾದರೂ ಮೂಳೆ, ಸ್ನಾಯು ಗಟ್ಟಿಯಾಗುವ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ತಕ್ಕಂತೆ ನಮ್ಮ ಘಟಕಗಳು ಅನುಸರಿಸುವ ಕ್ರಮ ಇದು.

5ರಿಂದ 7 ವರ್ಷ: ಆಟದ ರೂಪದಲ್ಲಿ ಮಾತ್ರ. ಓಡುವುದು, ಉರುಳುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಬೀಳುವುದು ಕಲಿಯುವುದು. ಅರ್ಧ ಗಂಟೆ ಸಾಕು. ಕಳರಿಗೆ ಸೇರಿಸಲು ಏಳನೇ ವಯಸ್ಸು ಎಂಬುದು ಹಳೆಯ ರೂಢಿ.

8ರಿಂದ 11 ವರ್ಷ: ನಿಲುವು, ಹೆಜ್ಜೆ, ವರಸೆ, ದಂಡ ಬೈಠಕ್. ಜೊತೆಗಾರನೊಡನೆ ಹಗುರವಾದ ಅಭ್ಯಾಸ. ತಲೆಗೆ ಹೊಡೆತ ಸಲ್ಲದು.

12ರಿಂದ 14 ವರ್ಷ: ರಕ್ಷಾಕವಚ ಹಾಕಿಕೊಂಡು, ಸಮಜೋಡಿ ನೋಡಿ, ಗುರುವಿನ ಕಣ್ಣೆದುರಿಗೆ ಮಾತ್ರ ಕಾದಾಟ. ಮರದ ಆಯುಧ ಈ ಹಂತದಲ್ಲಿ ಸರಿ.

15ರ ಮೇಲೆ: ಸ್ಪರ್ಧೆ ಬೇಕೇ ಬೇಡವೇ ಎಂದು ಮಗುವೇ ಹೇಳಲಿ. ಸ್ಪರ್ಧೆಗೆ ಹೋಗದಿದ್ದರೂ ಅಭ್ಯಾಸ ವ್ಯರ್ಥವಲ್ಲ.

ಗುರುವನ್ನು ಆರಿಸುವ ಮುನ್ನ

ದುಡ್ಡು ಕಟ್ಟುವ ಮೊದಲು ಎರಡು ದಿನ ಹೋಗಿ ಕುಳಿತು ನೋಡಿ. ಇಷ್ಟನ್ನು ಗಮನಿಸಿ:

- ತಂದೆತಾಯಿ ಕುಳಿತು ನೋಡಲು ಅಡ್ಡಿ ಇದೆಯೇ? ಅಡ್ಡಿ ಇದ್ದರೆ ಅಲ್ಲಿಂದಲೇ ಹಿಂತಿರುಗಿ.
- ತಪ್ಪು ಮಾಡಿದ ಮಗುವಿಗೆ ಗುರು ಏನು ಮಾಡುತ್ತಾರೆ? ತಿದ್ದುತ್ತಾರೋ, ಎಲ್ಲರೆದುರು ಹಂಗಿಸುತ್ತಾರೋ? ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಗರಡಿಯಲ್ಲೂ ನಾವು ಅದಕ್ಕಿಂತ ಕಡಿಮೆಯದನ್ನು ಒಪ್ಪಬಾರದು.
- ಅಭ್ಯಾಸ ಶುರುವಾಗುವ ಮೊದಲು ಮೈ ಬಿಸಿ ಮಾಡಿಸುತ್ತಾರೆಯೇ? ನಡುವೆ ನೀರು ಕುಡಿಯಲು ಬಿಡುತ್ತಾರೆಯೇ?
- ದೊಡ್ಡ ಮಕ್ಕಳು ಚಿಕ್ಕವರೊಡನೆ ಹೇಗಿದ್ದಾರೆ? ಗುರುವಿನ ಗುಣ ಹಳೆಯ ಶಿಷ್ಯರಲ್ಲಿ ಕಾಣುತ್ತದೆ.
- ಬೆಲ್ಟಿನ ಪರೀಕ್ಷೆಗೆ ಎಷ್ಟು ಸಲ, ಎಷ್ಟು ದುಡ್ಡು? ಬಣ್ಣದ ಬೆಲ್ಟು ಮಕ್ಕಳಿಗೆ ಹುರುಪು ಕೊಡುತ್ತದೆ, ನಿಜ. ಆದರೆ ಒಂದೇ ವರ್ಷದಲ್ಲಿ ಕಪ್ಪು ಬೆಲ್ಟು ಕೊಡಿಸುತ್ತೇವೆ ಎನ್ನುವವರು ಮಾರುತ್ತಿರುವುದು ಬೆಲ್ಟನ್ನು.
- ಪೆಟ್ಟಾದರೆ ಏನು ಮಾಡುತ್ತಾರೆ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ, ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳಿ.

ಮೈಯ ಸುರಕ್ಷತೆ

ಉಬ್ಬಸ, ಹೃದಯದ ತೊಂದರೆ, ಅಪಸ್ಮಾರ ಇರುವ ಮಕ್ಕಳನ್ನು ವೈದ್ಯರಿಗೆ ತೋರಿಸಿಯೇ ಸೇರಿಸಿ, ಗುರುವಿಗೂ ಹೇಳಿಡಿ. ಸೊಲ್ಲಾಪುರ, ಆದೋನಿ ಕಡೆಯ ಬೇಸಿಗೆಯಲ್ಲಿ ಬೆಳಗಿನ ಅಭ್ಯಾಸವೇ ಒಳ್ಳೆಯದು. ತಲೆಗೆ ಪೆಟ್ಟಾಗಿ ವಾಂತಿ, ತಲೆಸುತ್ತು, ಮಂಕು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ವೈದ್ಯರು ಹೇಳುವವರೆಗೆ ಅಭ್ಯಾಸ ಬೇಡ. ಮಣ್ಣಿನ ಕುಸ್ತಿಯವರಿಗೂ ಮ್ಯಾಟಿನವರಿಗೂ ಗಜಕರ್ಣ ಬೇಗ ಅಂಟುತ್ತದೆ. ಅಭ್ಯಾಸ ಮುಗಿದ ಕೂಡಲೇ ಸ್ನಾನ, ಬೇರೆ ಟವೆಲು, ಒಗೆದ ಲಂಗೋಟಿ ಇವನ್ನು ಬಿಡಬೇಡಿ.

ತೂಕದ ವರ್ಗಕ್ಕೆ ಇಳಿಯಲೆಂದು ಬೆಳೆಯುವ ಮಗುವಿಗೆ ಉಪವಾಸ ಮಾಡಿಸುವುದು, ನೀರು ಬಿಡಿಸುವುದು ಅಪಾಯ. ಯಾವ ಪದಕಕ್ಕೂ ಇದು ಬೇಡ. ಅಂಗಡಿಯ ಪ್ರೋಟೀನ್ ಪುಡಿಯೂ ಮಕ್ಕಳಿಗೆ ಬೇಕಿಲ್ಲ. ಜೋಳದ ರೊಟ್ಟಿ, ಬೇಳೆ, ಮೊಳಕೆಕಾಳು, ಶೇಂಗಾ, ಹಾಲು, ಮೊಟ್ಟೆ ಹೀಗೆ ಮನೆಗೆ ಒಗ್ಗಿದ ಊಟವೇ ಸಾಕು.

ಹೆಣ್ಣುಮಕ್ಕಳು ಮತ್ತು ಎಲ್ಲ ಮಕ್ಕಳ ರಕ್ಷಣೆ

ಹೆಣ್ಣುಮಕ್ಕಳಿಗೆ ಇವೆಲ್ಲ ಏಕೆ ಎನ್ನುವವರು ಇನ್ನೂ ಇದ್ದಾರೆ. ವಡಕರದ ಮೀನಾಕ್ಷಿ ಅಮ್ಮನವರು ಎಳೆ ವಯಸ್ಸಿನಲ್ಲಿ ಕಳರಿಗೆ ಇಳಿದು, ಎಪ್ಪತ್ತು ದಾಟಿದ ಮೇಲೂ ಕಲಿಸುತ್ತ ಬಂದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2016ರ ರಿಯೋದಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ಗೆದ್ದು, ಒಲಿಂಪಿಕ್ಸ್ ಪದಕ ಪಡೆದ ಭಾರತದ ಮೊದಲ ಮಹಿಳಾ ಕುಸ್ತಿಪಟು ಆದರು.

ಅದೇ ಕುಸ್ತಿಯ ಮಹಿಳೆಯರು 2023ರಲ್ಲಿ ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದನ್ನೂ ಮರೆಯುವಂತಿಲ್ಲ. ಗುರುಭಕ್ತಿಯ ಹೆಸರಿನಲ್ಲಿ ಮಗು ಬಾಯಿ ಮುಚ್ಚಿಕೊಳ್ಳುವಂತೆ ಆಗಬಾರದು. ಅಭ್ಯಾಸದಲ್ಲಿ ಮೈ ಮುಟ್ಟಬೇಕಾಗುತ್ತದೆ. ಎಲ್ಲಿ, ಏಕೆ ಮುಟ್ಟುತ್ತಾರೆ ಎಂದು ಗುರು ಮೊದಲೇ ಹೇಳಬೇಕು. ಎಣ್ಣೆ ತಿಕ್ಕುವುದು, ಊರು ಬಿಟ್ಟು ಸ್ಪರ್ಧೆಗೆ ಹೋಗುವುದು ಇವೆಲ್ಲ ಪೋಷಕರ ಒಪ್ಪಿಗೆ ಮತ್ತು ಜೊತೆಯಿಲ್ಲದೆ ನಡೆಯಬಾರದು. ಗಂಡುಮಕ್ಕಳಿಗೂ ಇದೇ ನಿಯಮ. 2012ರ ಪೋಕ್ಸೋ ಕಾಯಿದೆ 18 ವರ್ಷದೊಳಗಿನ ಎಲ್ಲರಿಗೂ, ಎಲ್ಲ ರಾಜ್ಯಗಳಲ್ಲೂ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098 ನಿಮ್ಮ ಮಗುವಿಗೆ ಬಾಯಿಪಾಠ ಇರಲಿ.

ಮನೆಯವರ ಪಾಲು

ಗರಡಿಯಲ್ಲಿ ಕಲಿತದ್ದು ಮನೆಯಲ್ಲಿ ಅಳಿಸಿಹೋಗಬಾರದು. ಸೋತು ಬಂದ ದಿನ "ಯಾಕೆ ಸೋತೆ" ಎಂದು ಕೇಳುವ ಮೊದಲು ಊಟ ಬಡಿಸಿ. ಬೇರೆ ಮಗುವಿನೊಡನೆ ಹೋಲಿಸಬೇಡಿ. ನೆಂಟರು ಬಂದಾಗ "ಒಂದು ಕಿಕ್ ತೋರ್ಸು ಮರಿ" ಎಂದು ಕುಣಿಸಬೇಡಿ. ವಿದ್ಯೆ ಪ್ರದರ್ಶನಕ್ಕಲ್ಲ ಎಂದು ಅಲ್ಲಿ ಕಲಿಸಿದ್ದನ್ನು ನಾವೇ ಕೆಡಿಸಿದಂತಾಗುತ್ತದೆ. ಅಣಕಿಸಿದವರಿಗೆ ಏನು ಹೇಳಬೇಕು, ಯಾವ ಶಿಕ್ಷಕರಿಗೆ ತಿಳಿಸಬೇಕು, ಯಾವಾಗ ಅಲ್ಲಿಂದ ನಡೆದುಬಿಡಬೇಕು ಎಂಬುದನ್ನು ಮಗುವಿನೊಡನೆ ಕುಳಿತು ಮಾತಾಡಿ. ಕೈ ಎತ್ತುವುದು ತಪ್ಪಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅಣಕಿಸುವುದು ಮುಂದುವರಿದರೆ ಅದು ದೊಡ್ಡವರು ಶಾಲೆಗೆ ಹೋಗಿ ಬಗೆಹರಿಸಬೇಕಾದ ವಿಷಯ. ಮಗುವಿನ ಮುಷ್ಟಿಗೆ ಆ ಹೊರೆ ಹಾಕಬಾರದು. ಆ ಹುಡುಗನ ವಿಷಯದಲ್ಲಿ ನಾವೇ ಮೊದಲು ಶಾಲೆಗೆ ಹೋಗಬೇಕಿತ್ತು.

ಆ ಹುಡುಗ ಈಗ

ತರಗತಿ ಮತ್ತೆ ಆರಂಭವಾದದ್ದು ಬೇರೆ ಗುರುಗಳೊಡನೆ. ವಯಸ್ಸಾದವರು, ಮಾತು ಕಡಿಮೆ. ಮೊದಲ ಎರಡು ತಿಂಗಳು ಬೀಳುವುದು, ನಿಲ್ಲುವುದು, ತಡೆಯುವುದು ಇಷ್ಟೇ ಕಲಿಸಿದರು. ಕೆಲವು ಪೋಷಕರು ಗೊಣಗಿದರು, ಇಬ್ಬರು ಮಕ್ಕಳನ್ನು ಬಿಡಿಸಿಕೊಂಡೂ ಹೋದರು. ಆ ತಾಯಿ ಮಾತ್ರ ಮಗನನ್ನು ಮರಳಿ ಕರೆತಂದರು. ಮೊದಲು ಅವನನ್ನೂ ಜೊತೆಗೆ ನಮ್ಮಲ್ಲಿ ಇಬ್ಬರನ್ನೂ ಕರೆದುಕೊಂಡು ಪೆಟ್ಟು ತಿಂದ ಹುಡುಗನ ಮನೆಗೆ ಹೋದರು. ಅಲ್ಲಿ ಚಹಾ ಕೊಟ್ಟರು. ಹುಡುಗರು ಮಾತಾಡಲಿಲ್ಲ, ತಲೆ ತಗ್ಗಿಸಿ ಕುಳಿತಿದ್ದರು.

ಅವನು ಈಗ ಪ್ರೌಢಶಾಲೆಯಲ್ಲಿದ್ದಾನೆ. ಮೊದಲ ಎರಡು ಸ್ಪರ್ಧೆಗಳಲ್ಲಿ ಮೊದಲ ಸುತ್ತಿನಲ್ಲೇ ಸೋತ. ಎರಡೂ ಸಲ ಮರುದಿನ ಅಭ್ಯಾಸಕ್ಕೆ ಬಂದ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಸಭಾಂಗಣ ಗುಡಿಸುತ್ತಾನೆ, ಚಿಕ್ಕವರ ಸಾಲು ನಿಲ್ಲಿಸುತ್ತಾನೆ. ಶಾಲೆಯಲ್ಲಿ ಅಣಕಿಸುವುದು ಪೂರಾ ನಿಂತಿದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ. ಅಣಕಿಸಿದರೆ ಏನು ಮಾಡುತ್ತೀ ಎಂದರೆ, ಅವರ ಭಾಷೆಯಲ್ಲೇ ಉತ್ತರ ಹೇಳಿ ಮುಂದೆ ಹೋಗುತ್ತೇನೆ ಎನ್ನುತ್ತಾನೆ. ಹೋದ ವರ್ಷ ಅವನು ತರಗತಿಗೆ ಒಬ್ಬ ಹೊಸಬನನ್ನು ಕರೆತಂದ. ಅಂದು ಮೂಗಿಗೆ ಪೆಟ್ಟು ತಿಂದಿದ್ದ ಹುಡುಗನೇ ಅವನು.

ಸದಸ್ಯರಲ್ಲಿ ವಿನಂತಿ

ನಿಮ್ಮ ಊರಿನಲ್ಲಿ ಒಳ್ಳೆಯ ಗರಡಿ, ಕಳರಿ, ಸಿಲಂಬಂ ಅಥವಾ ಜೂಡೋ ತರಗತಿ ಇದ್ದರೆ ನಿಮ್ಮ ಘಟಕದ ಕಾರ್ಯದರ್ಶಿಗಳಿಗೆ ತಿಳಿಸಿ. ಮೇಲೆ ಹೇಳಿದ ಅಂಶಗಳನ್ನು ನೋಡಿ ಊರುವಾರು ಪಟ್ಟಿ ಮಾಡುವ ಆಲೋಚನೆ ಇದೆ. ಮುಚ್ಚಿಹೋಗಿರುವ ಹಳೆಯ ಗರಡಿಮನೆ ನಿಮ್ಮ ಓಣಿಯಲ್ಲಿದ್ದರೆ ಅದನ್ನೂ ತಿಳಿಸಿ. ಬೀಗ ತೆಗೆದು, ಮಣ್ಣು ಅಗೆದು ಹದ ಮಾಡಲು ಕೈಗಳು ಬೇಕಾದರೆ ನಮ್ಮ ಯುವಕರು ಬರುತ್ತಾರೆ. ಸಂಘದ ಭಾನುವಾರದ ತರಗತಿಗೆ ಎಲ್ಲ ಭಾಷೆಯ ಮಕ್ಕಳಿಗೂ ಸ್ವಾಗತ. ತಂದೆತಾಯಂದಿರು ಕುಳಿತು ನೋಡಲು ಜಮಖಾನೆ ಹಾಸಿರುತ್ತೇವೆ.